ಓಲಾಡದ ಗಾಡಿ

ಗಾಡಿಗಳನ್ನು ಪಲ್ಟಿ ಹೊಡೆಸುವುದು ನನ್ನ ಉದ್ಯೋಗ. ಹೆಣ್ಣು ನೋಡಲು ಹೋದ ಮೊದಲ ಮನೆಯಲ್ಲಿ ಇದನ್ನೇ ಹೆಮ್ಮೆಯಿಂದ ಹೇಳಿಕೊಂಡೆ. ಅವರು ಉಪ್ಪಿಟ್ಟು ಕೊಟ್ಟು, ಆಮೇಲೆ ತಿಳಿಸುತ್ತೇವೆ ಎಂದು ಕಳಿಸಿದರು, ಇವತ್ತಿನವರೆಗೂ ತಿಳಿಸಿಲ್ಲ. ಮುಂದಿನ ಮನೆಯಲ್ಲಿ ‘ವಾಹನ ಸುರಕ್ಷತಾ ಪರೀಕ್ಷಕ’ ಎಂದೆ. ಮದುವೆಯಾಯಿತು. ಚೆಲುವರಾಜು ಎಂದು ನನ್ನ ಹೆಸರು.

ಮೈಸೂರು ದಾಟಿ ಸ್ವಲ್ಪ ದೂರ ಹೋದರೆ ನಮ್ಮ ಕಂಪನಿಯ ಪರೀಕ್ಷಾ ಬಯಲು ಇದೆ. ಡಾಂಬರು ಹಾಕಿದ ದೊಡ್ಡ ಮೈದಾನ, ಅಂಚಿನಲ್ಲಿ ಗಾಜಿನ ಕೋಣೆ. ಆ ಕೋಣೆಯಲ್ಲಿ ನಾನು ಸ್ಟೇರಿಂಗ್ ಹಿಡಿದು ಕೂರುತ್ತೇನೆ. ಹೊರಗೆ ಓಡುವ ಗಾಡಿಯ ಸೀಟುಗಳಲ್ಲಿ ಮನುಷ್ಯರ ಬದಲು ಮರಳಿನ ಮೂಟೆಗಳು ಕೂತಿರುತ್ತವೆ. ನಾನು ಇಲ್ಲಿ ತಿರುಗಿಸಿದರೆ ಅದು ಅಲ್ಲಿ ತಿರುಗುತ್ತದೆ, ಜಾಸ್ತಿ ತಿರುಗಿಸಿದರೆ ಬೀಳುತ್ತದೆ. ಬಿದ್ದಾಗ ಮೂಟೆಗಳು ಒಡೆದು ಮರಳು ಚೆಲ್ಲುತ್ತದೆ. ಅದನ್ನು ಗುಡಿಸುವುದೂ ನನ್ನ ಪಾಲಿಗೇ, ಸಂಬಳದ ಕೆಲಸ, ಗುಡಿಸುತ್ತಿದ್ದೆ.

ಜನರಿಗೆ ಎತ್ತರದ ಗಾಡಿ ಎಂದರೆ ಪ್ರಾಣ. ಮೇಲೆ ಕೂತು ನೋಡಿದರೆ ರಸ್ತೆಯೆಲ್ಲ ತಮ್ಮದೇ ಎನ್ನಿಸುತ್ತದೆ, ಹಳ್ಳ ದಿಣ್ಣೆ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಎತ್ತರದ ಗಾಡಿಯ ಭಾರವೂ ಎತ್ತರದಲ್ಲೇ ಇರುತ್ತದಲ್ಲ. ತಿರುವಿನಲ್ಲಿ ಟೈರು ರಸ್ತೆಯನ್ನು ಕಚ್ಚಿಕೊಂಡಿರುತ್ತದೆ, ಮೇಲಿನ ಮೈ ಹೊರಕ್ಕೆ ಹೋಗಲು ನೋಡುತ್ತದೆ. ಗಿಡ್ಡ ಕಾರಾದರೆ ಜಾರಿಕೊಂಡು ಹೋಗಿ ಎಲ್ಲೋ ನಿಲ್ಲುತ್ತದೆ. ಎತ್ತರದ್ದು ಜಾರುವ ಮೊದಲೇ ಒಳಬದಿಯ ಚಕ್ರ ಎತ್ತುತ್ತದೆ. ಮೇಲೆ ಕ್ಯಾರಿಯರಿನಲ್ಲಿ ಲಗೇಜು, ಒಳಗೆ ಸೀಟಿಗಿಂತ ಹೆಚ್ಚು ಜನ ಇದ್ದರಂತೂ ಕೇಳುವುದೇ ಬೇಡ. ಅದರಲ್ಲೂ ಬಹಳಷ್ಟು ಗಾಡಿಗಳು ರಸ್ತೆಯ ಮೇಲೆ ಬೀಳುವುದಿಲ್ಲ. ಹೊರಬದಿಯ ಚಕ್ರ ಡಾಂಬರು ಬಿಟ್ಟು ಪಕ್ಕದ ಮಣ್ಣಿಗಿಳಿದು ಹೂತುಕೊಳ್ಳುತ್ತದೆ, ಗಾಡಿ ಎಡವಿದಂತಾಗಿ ಮಗುಚುತ್ತದೆ.

ಇದಕ್ಕೆ ಮದ್ದು ಕಂಡುಹಿಡಿದವರು ನಮ್ಮ ದಾಕ್ಷಾಯಿಣಿ ಮೇಡಂ. ಹನೂರಿನ ಕಡೆಯ ಹಳ್ಳಿಯವರು. ಮಾತು ಕಡಿಮೆ, ಸಿಟ್ಟು ಜಾಸ್ತಿ, ಆದರೆ ತಪ್ಪು ಮಾಡಿದವನನ್ನು ಬೈದ ಮೇಲೆ ತಮ್ಮ ಡಬ್ಬಿಯ ಊಟದಲ್ಲಿ ಪಾಲು ಕೊಡುತ್ತಿದ್ದರು. ಅವರ ಯಂತ್ರಕ್ಕೆ ಉದ್ದನೆಯ ಇಂಗ್ಲಿಷ್ ಹೆಸರಿತ್ತು, ನಾವು ಬುಗುರಿ ಎಂದು ಕರೆಯುತ್ತಿದ್ದೆವು. ಗಾಡಿಯ ನೆಲದಡಿ ಒಂದು ಗಟ್ಟಿ ಡಬ್ಬಿ, ಅದರೊಳಗೆ ಭಾರದ ಉಕ್ಕಿನ ಚಕ್ರ ಭಯಂಕರ ವೇಗದಲ್ಲಿ ತಿರುಗುತ್ತಿರುತ್ತದೆ. ತಿರುಗುವ ಸೈಕಲ್ ಚಕ್ರವನ್ನು ಅಚ್ಚಿನಲ್ಲಿ ಹಿಡಿದು ವಾಲಿಸಲು ನೋಡಿದವರಿಗೆ ಗೊತ್ತು, ಅದು ಕೈಯನ್ನು ತಿರುಗಿ ನೂಕುತ್ತದೆ. ಇದೂ ಅಷ್ಟೇ. ಗಾಡಿ ಬಲಕ್ಕೆ ವಾಲಿದರೆ ಯಂತ್ರ ಚಕ್ರವನ್ನು ಬಾಗಿಸುತ್ತದೆ, ಚಕ್ರ ಗಾಡಿಯನ್ನು ಎಡಕ್ಕೆ ನೂಕುತ್ತದೆ.

ಒಂದೇ ತೊಡಕು. ಚಕ್ರ ಪೂರ್ತಿ ಬಾಗಿದ ಮೇಲೆ ನೂಕುವ ಶಕ್ತಿ ಮುಗಿಯಿತು. ಅದು ಮತ್ತೆ ನೆಟ್ಟಗಾಗಬೇಕಾದರೆ ನೇರ ರಸ್ತೆ ಬರಬೇಕು, ಇಲ್ಲವೇ ಆಚೆ ದಿಕ್ಕಿನ ತಿರುವು ಬರಬೇಕು. ಅದಕ್ಕೇ ಮೊದಲ ಬುಗುರಿ ಸುಮ್ಮನೆ ಮಲಗಿರುತ್ತಿತ್ತು. ಒಳಬದಿಯ ಚಕ್ರ ನೆಲ ಬಿಡುವ ಹೊತ್ತಿಗೆ ಮಾತ್ರ ಎದ್ದು ಒಮ್ಮೆ ನೂಕಿ ಮತ್ತೆ ಮಲಗುತ್ತಿತ್ತು. ನಾನು ಏನೇನು ಕಸರತ್ತು ಮಾಡಿದರೂ ಆ ಗಾಡಿಯನ್ನು ಬೀಳಿಸಲಾಗಲಿಲ್ಲ. ಮರಳಿನ ಮೂಟೆಗಳು ಮೊದಲ ಬಾರಿಗೆ ಒಡೆಯದೆ ವಾಪಸ್ ಬಂದವು. ಮೇಡಂ ಅವತ್ತು ಎಲ್ಲರಿಗೂ ಜಿಲೇಬಿ ತರಿಸಿದರು.

ಅಲ್ಲಿಗೆ ನಿಲ್ಲಿಸಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಈಗ ಅನ್ನಿಸುತ್ತದೆ.

ಮೇಡಂ ತಾಯಿ ಪುಟ್ಟತಾಯಮ್ಮನವರಿಗೆ ಗಾಡಿ ಆಗದು. ತಿರುವು ಬಂದರೆ ವಾಂತಿ. ನಮ್ಮ ಕಡೆ ಬೆಟ್ಟ ಹತ್ತುವ ಪ್ರತಿ ಗಾಡಿಯಲ್ಲೂ ಒಂದು ಪದ್ಧತಿ ಇದೆ. ಯಾರಿಗೆ ಹೊಟ್ಟೆ ತೊಳಸುತ್ತದೋ ಅವರಿಗೆ ಡ್ರೈವರ್ ಪಕ್ಕದ ಕಿಟಕಿ ಸೀಟು. ದೊಡ್ಡ ಮನುಷ್ಯರೇ ಕೂತಿದ್ದರೂ ಎದ್ದು ಬಿಟ್ಟುಕೊಡಬೇಕು. ಕೈಗೊಂದು ನಿಂಬೆಹಣ್ಣು, ಮಡಿಲಲ್ಲೊಂದು ಪ್ಲಾಸ್ಟಿಕ್ ಕವರು. ಅದನ್ನು ವಾಂತಿ ಸೀಟು ಎಂದೇ ಕರೆಯುತ್ತೇವೆ. ಪುಟ್ಟತಾಯಮ್ಮ ಮದುವೆಯಾಗಿ ಬಂದ ಲಾಗಾಯ್ತು ಆ ಸೀಟು ಅವರದ್ದೇ. ಅವರ ಮಗ, ಅಂದರೆ ಮೇಡಂ ತಮ್ಮ ಶಿವಮಲ್ಲು, ಕೊಳ್ಳೇಗಾಲದಿಂದ ಮಾದಪ್ಪನ ಬೆಟ್ಟಕ್ಕೆ ಬಾಡಿಗೆ ಗಾಡಿ ಓಡಿಸುತ್ತಿದ್ದ. ಮಗನೇ ಡ್ರೈವರಾಗಿದ್ದರೂ ತಾಯಿ ವರ್ಷಗಟ್ಟಲೆ ಬೆಟ್ಟದ ಮುಖ ನೋಡಿರಲಿಲ್ಲ.

“ನಾ ಬರಾಕಿಲ್ಲ ಕನವ್ವ,” ಎನ್ನುತ್ತಿದ್ದರಂತೆ. “ದಾರಿ ಉದ್ದಕೂ ಕಕ್ಕೊಂಡು ಓಗಿ ಮಾದಪ್ಪನ ಮುಂದ ನಿಂತ್ಕಂಡ್ರ ಅವನಿಗೂ ನಾಚ್ಕ, ನಂಗೂ ನಾಚ್ಕ.”

ಬುಗುರಿಯನ್ನು ಬೆಟ್ಟದ ರಸ್ತೆಗೆ ಹೊಂದಿಸಲು ಆ ರಸ್ತೆಯ ಅಳತೆ ಬೇಕಾಗಿತ್ತು. ಯಾವ ತಿರುವಿನಲ್ಲಿ ಎಷ್ಟು ವೇಗ, ಗಾಡಿ ಎಷ್ಟು ವಾಲುತ್ತದೆ ಎಂಬುದೆಲ್ಲ. ಶಿವಮಲ್ಲುವಿನ ಹಳೇ ಗಾಡಿಗೆ ನಾನೇ ಉಪಕರಣ ಕಟ್ಟಿದೆ. ಹೇಗೂ ಹೋಗುತ್ತಿದ್ದೇವೆ ಎಂದು ಮೇಡಂ ತಾಯಿಯನ್ನು ಅಂಗಲಾಚಿ ಹೊರಡಿಸಿದರು. ಹಿಂದೆ ನಾನು, ಮೇಡಂ, ಶಿವಮಲ್ಲುವಿನ ಮಗಳು ಬಿಂದು. ಮುಂದೆ ವಾಂತಿ ಸೀಟಿನಲ್ಲಿ ಅಜ್ಜಿ.

ಬೆಟ್ಟದ ಬುಡದ ತಾಳಬೆಟ್ಟದಲ್ಲಿ ಶಿವಮಲ್ಲು ಇಳಿದು ಚಕ್ರಗಳಡಿಗೆ ನಿಂಬೆಹಣ್ಣು ಇಟ್ಟು, ಉಳಿದ ಒಂದನ್ನು ತಾಯಿ ಕೈಗೆ ಕೊಟ್ಟ. ಆಮೇಲೆ ಶುರುವಾಯಿತು. ತಿರುವು, ಓಲಾಟ, ಓಕರಿಕೆ. “ಮಲ್ಲ, ನಿಧಾನ್ಕ ಮಗ” ಎಂದು ಅಜ್ಜಿ ಕೈ ಎತ್ತುತ್ತಿದ್ದರು, ಅವನು ಗೇರು ಇಳಿಸುತ್ತಿದ್ದ. ಕೆಲವು ಕಡೆ ನಿಲ್ಲಿಸಿಯೇ ಬಿಡುತ್ತಿದ್ದ. ಮೇಡಂ ಇಳಿದು ತಾಯಿಯ ಹಣೆ ಹಿಡಿದುಕೊಂಡು ನಿಲ್ಲುತ್ತಿದ್ದರು. ಬಿಂದು ನೀರಿನ ಬಾಟಲಿ ಹಿಡಿದು, “ಅಜ್ಜಿ, ಮಾದಪ್ಪಂಗೆ ಅರ್ಧ ದಾರೀಲೇ ನೈವೇದ್ಯ ಮಾಡ್ಬುಟ್ಟಲ್ಲ” ಎಂದು ಕಾಡುತ್ತಿದ್ದಳು. ಅಜ್ಜಿ ಬಾಯಿ ಒರೆಸಿಕೊಳ್ಳುತ್ತಲೇ ನಗುತ್ತಿದ್ದರು. ಉಪಕರಣ ತನ್ನ ಪಾಡಿಗೆ ಎಲ್ಲವನ್ನೂ ಬರೆದುಕೊಳ್ಳುತ್ತಿತ್ತು.

ಮರಳಿ ಬಂದ ಮೇಲೆ ಮೇಡಂ ಗಾಜಿನ ಕೋಣೆಗೆ ಬಂದು ನನ್ನ ಪಕ್ಕ ಕೂತರು.

“ಚೆಲುವರಾಜು, ಬುಗುರೀನ ಮಲಗಿಸೋದು ಬೇಡ. ಎದ್ದೇ ಇರ್ಲಿ. ಒಂಚೂರು ವಾಲಿದ್ರೂ ನೂಕ್ಲಿ. ಗಾಡಿ ಓಲಾಡ್ಲೇಬಾರ್ದು.”

“ಹಂಗೆ ಮಾಡಿದ್ರೆ ನಿಜವಾಗ್ಲೂ ಕಷ್ಟ ಬಂದಾಗ ಅದಕ್ಕೆ ಶಕ್ತಿ ಉಳಿದಿರುತ್ತಾ ಮೇಡಂ?”

“ಲೆಕ್ಕ ಹಾಕಿದೀನಿ ಕಣ್ರೀ. ಎಡಗಡೆ ತಿರುವಲ್ಲಿ ಖರ್ಚಾದದ್ದು ಬಲಗಡೆ ತಿರುವಲ್ಲಿ ವಾಪಸ್ ಬರುತ್ತೆ. ಕೆಲವು ಕಡೆ ಒಂದೇ ದಿಕ್ಕಿಗೆ ಎರಡು ತಿರುವು ಇವೆ, ಅಲ್ಲೂ ಅರ್ಧದಷ್ಟು ಶಕ್ತಿ ಮಿಗುತ್ತೆ. ನೋಡಿ ಬೇಕಾದ್ರೆ.”

ನೋಡಿದೆ. ನಾನೂ ನೋಡಿದೆ, ಕಂಪನಿಯ ಇನ್ನೂ ನಾಲ್ಕು ಜನ ನೋಡಿದರು. ಲೆಕ್ಕದಲ್ಲಿ ಒಂದು ಅಂಕಿಯೂ ತಪ್ಪಿರಲಿಲ್ಲ. ಅದೇ ಸಂಕಟ.

ಹೊಸ ಬುಗುರಿಯ ಗಾಡಿ ಮೊದಲು ಹತ್ತಿದ್ದು ಅದೇ ಬೆಟ್ಟವನ್ನು, ಅದೇ ಜನ ಕೂತು. ಗಾಡಿ ತಿರುವಿನಲ್ಲಿ ತಿರುಗುತ್ತಿತ್ತು, ಆದರೆ ಒಂದು ಎಳೆಯಷ್ಟೂ ವಾಲುತ್ತಿರಲಿಲ್ಲ. ತೊಟ್ಟಿಲನ್ನು ಯಾರೋ ಎರಡೂ ಕಡೆ ಹಿಡಿದುಕೊಂಡ ಹಾಗೆ. ಪುಟ್ಟತಾಯಮ್ಮ ಮೊದಲ ಕೆಲವು ತಿರುವುಗಳಲ್ಲಿ ಕವರನ್ನು ಬಿಗಿಯಾಗಿ ಹಿಡಿದಿದ್ದರು, ಆಮೇಲೆ ಮಡಚಿ ಕಾಲಡಿಗೆ ಹಾಕಿದರು. ಮೇಲೆ ದರ್ಶನ ಮುಗಿಸಿ ಚಿತ್ರಾನ್ನ, ವಡೆ ತಿಂದರು. ಬೆಟ್ಟದಲ್ಲಿ ಅವರು ಏನನ್ನಾದರೂ ತಿಂದದ್ದು ಅದೇ ಮೊದಲು. ಇಳಿಯುವಾಗ ನಿದ್ದೆ ಹೋದರು. ಊರು ಬಂತು ಎಂದು ಎಬ್ಬಿಸಿದಾಗ ಕಣ್ಣುಜ್ಜಿಕೊಂಡು, “ಅಯ್ ಶಿವನೇ, ಬೆಟ್ಟ ಇಳ್ದುದ್ದೇ ಗೊತ್ತಾಗ್ನಿಲ್ಲ ಕನವ್ವ” ಎಂದರು.

ಮೇಡಂ ಮುಖ ಕಿಟಕಿಯ ಕಡೆ ತಿರುಗಿಸಿಕೊಂಡರು. ಅವರ ಕಣ್ಣಲ್ಲಿ ನೀರಿತ್ತು. ಅಷ್ಟು ಸಂತೋಷವಾಗಿ ಅವರನ್ನು ನಾನು ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

ಕಂಪನಿಯ ಸಾಹೇಬರಿಗೆ ಈ ಮಾತು ಕಿವಿಗೆ ಬಿದ್ದದ್ದೇ ತಡ, ಅದು ಜಾಹೀರಾತಾಯಿತು. ‘ಬೆಟ್ಟ ಇಳಿದದ್ದೇ ಗೊತ್ತಾಗಲಿಲ್ಲ!’ ಎಂದು ರಸ್ತೆರಸ್ತೆಯ ಬೋರ್ಡಿನಲ್ಲಿ ಒಬ್ಬ ಅಜ್ಜಿ ನಗುತ್ತಿದ್ದಳು. ಮಗುಚುವುದಿಲ್ಲ ಎಂದಾಗ ಯಾರೂ ತಿರುಗಿ ನೋಡದ ಗಾಡಿಯನ್ನು, ವಾಂತಿ ಬರುವುದಿಲ್ಲ ಎಂದಾಗ ಜನ ಮುಗಿಬಿದ್ದು ಕೊಂಡರು. ಬೀಳುವುದು ಯಾವಾಗಲೂ ಬೇರೆಯವರ ಗಾಡಿ, ವಾಂತಿ ಮಾತ್ರ ತಮ್ಮ ಮನೆಯದು. ಮೂರು ವರ್ಷ ಕಳೆಯುವುದರೊಳಗೆ ನಮ್ಮ ಕಡೆಯ ಬೆಟ್ಟದ ದಾರಿಗಳಲ್ಲೆಲ್ಲ ಬುಗುರಿ ಗಾಡಿಗಳೇ ತುಂಬಿದವು. ಶಿವಮಲ್ಲುವೂ ಹಳೆಯದನ್ನು ಮಾರಿ ಒಂದನ್ನು ತಂದ. ಸಂತೆಯಲ್ಲಿ ನಿಂಬೆಹಣ್ಣು ಮಾರುವವರು ಶಪಿಸುತ್ತಿದ್ದಾರೆ ಎಂದು ನಾವು ತಮಾಷೆ ಮಾಡುತ್ತಿದ್ದೆವು.

ವಾಂತಿ ಸೀಟು ಎಂಬ ಮಾತೇ ಬಳಕೆ ತಪ್ಪಿತು. ಆ ಜಾಗಕ್ಕೆ ಈಗ ಫೋಟೋ ತೆಗೆಯುವವರು ಬಂದರು.

ಬಿಂದು ಪಿಯುಸಿಯಲ್ಲಿ ಒಳ್ಳೆಯ ಅಂಕ ತೆಗೆದು ನರ್ಸಿಂಗ್ ಸೇರುವ ಹೊತ್ತಿಗೆ, ಬೆಟ್ಟದಲ್ಲಿ ಅಡುಗೆ ಮಾಡಿ ಬಂದವರಿಗೆ ಊಟ ಹಾಕುವ ಹರಕೆಯನ್ನು ಶಿವಮಲ್ಲುವಿನ ಮನೆಯವರು ತೀರಿಸಿದರು. ಮೇಡಂ ಕೆಲಸದ ಮೇಲೆ ಪರ ಊರಿಗೆ ಹೋಗಿದ್ದರು, ಬೆಟ್ಟಕ್ಕೆ ಬರಲಾಗಲಿಲ್ಲ. ವಾಪಸ್ ಬರುವಾಗ ಗಾಡಿಯ ತುಂಬ ನೆಂಟರು. ಮೇಲೆ ಕ್ಯಾರಿಯರಿನಲ್ಲಿ ಹಿತ್ತಾಳೆ ಹಂಡೆ, ದೊಡ್ಡ ಒಲೆ, ಗ್ಯಾಸ್ ಸಿಲಿಂಡರ್. ಪುಟ್ಟತಾಯಮ್ಮ ಎಂದಿನಂತೆ ಮುಂದೆ ಕೂರಲು ಹೋದರು. ಬಿಂದು, “ಅಜ್ಜಿ, ನಿಂಗೀಗ ವಾಂತಿ ಬರಲ್ವಲ್ಲ, ನಾ ಕೂತ್ಕತೀನಿ, ಬೆಟ್ಟದ ಫೋಟೋ ತೆಗೀಬೇಕು” ಎಂದಳು. ಅಜ್ಜಿ ನಗುತ್ತ ಹಿಂದೆ ಹೋಗಿ, ಸೊಸೆಯ ಹೆಗಲಿಗೆ ತಲೆಯಿಟ್ಟು ಮಲಗಿದರು.

ಅರ್ಧ ಇಳಿದ ಮೇಲೆ ಒಂದೇ ದಿಕ್ಕಿಗೆ ಎರಡು ತಿರುವು ಒಂದರ ಹಿಂದೆ ಒಂದು ಬರುತ್ತವೆ. ಅಲ್ಲಿ ಗಾಡಿ ಬಿತ್ತು. ಮುಂದೆ ಕೂತ ಬಿಂದುವಿನ ಬದಿಗೇ ಬಿತ್ತು. ಉಳಿದವರಿಗೆ ಕೈಕಾಲು ಮುರಿಯಿತು, ಶಿವಮಲ್ಲುವಿನ ಪಕ್ಕೆಲುಬು ಮುರಿಯಿತು. ಬಿಂದು ಬದುಕಲಿಲ್ಲ.

ಗಾಡಿಯ ಯಂತ್ರದಲ್ಲಿ ವೇಗ ದಾಖಲಾಗಿತ್ತು. ಆ ತಿರುವಿಗೆ ಅದು ಬಹಳ ಹೆಚ್ಚು. ಬುಗುರಿ ತನ್ನ ಕೈಲಾದಷ್ಟು ನೂಕಿ, ಪೂರ್ತಿ ಬಾಗಿ, ಎರಡನೇ ತಿರುವಿನ ನಡುವೆ ಖಾಲಿಯಾಗಿತ್ತು. ಗಾಡಿ ಒಮ್ಮೆಗೇ ಹೊರಕ್ಕೆ ಹೋಗಿ, ಚಕ್ರ ಮಣ್ಣಿಗಿಳಿದು ಎಡವಿತ್ತು. ಸಾಹೇಬರು ನಾಲ್ಕೇ ಮಾತಿನಲ್ಲಿ ಮುಗಿಸಿದರು. “ಯಂತ್ರದ ತಪ್ಪಿಲ್ಲ, ಡ್ರೈವರ್ ತಪ್ಪು.” ಪೊಲೀಸರು ಅದನ್ನೇ ಬರೆದುಕೊಂಡರು. ಊರಿನವರು ಅದಕ್ಕಿಂತ ಮೊದಲೇ ತೀರ್ಮಾನ ಮಾಡಿದ್ದರು.

ಮೇಡಂ ಜೊತೆ ನಾನೂ ಆಸ್ಪತ್ರೆಗೆ ಹೋಗಿದ್ದೆ. ಶಿವಮಲ್ಲು ಎದೆಗೆ ಪಟ್ಟಿ ಕಟ್ಟಿಕೊಂಡು ಗೋಡೆ ನೋಡುತ್ತ ಮಲಗಿದ್ದ. ಅಕ್ಕನನ್ನು ಕಂಡು ಎದ್ದು ಕೂರಲು ಹೋದ.

“ಎಷ್ಟು ಜೋರಾಗಿ ಬಂದಿದ್ದೀಯ ಗೊತ್ತಾ ನಿಂಗ?” ಮೇಡಂ ಧ್ವನಿ ಇಡೀ ವಾರ್ಡಿಗೆ ಕೇಳಿಸಿತು. “ಪಕ್ಕದಲ್ಲಿ ಮಗಳ ಕೂರಿಸ್ಕಂಡು! ಹುಟ್ದಾಗಿಂದ ಆ ದಾರೀಲಿ ಓಡಾಡ್ತಿದ್ದೀಯ, ನಿಂಗ ಬುದ್ಧಿ ಎಲ್ಲೋಗಿತ್ತು?”

“ಗೊತ್ತಾಗ್ನಿಲ್ಲ ಕನಕ್ಕ,” ಎಂದ ಅವನು. “ಗಾಡಿ ನೆಟ್ಟಗೇ ಇತ್ತು. ಕೊನೇಗಂಟ ನೆಟ್ಟಗೇ ಇತ್ತು. ಆಮೇಲ ಬಿದ್ದೋಯ್ತು.”

“ಸುಳ್ಳು ಹೇಳ್ಬೇಡ ಮಲ್ಲ.”

ಅವನು ಮತ್ತೆ ಗೋಡೆಯ ಕಡೆ ತಿರುಗಿದ. ಆ ಮಾತನ್ನು ಅವನು ಆಮೇಲೆ ಯಾರ ಮುಂದೆಯೂ ಹೇಳಲಿಲ್ಲ. ಪೊಲೀಸರು ಕೇಳಿದರೆ ಹೌದು ಎಂದ, ಊರಿನವರು ಬೈದರೆ ಹೌದು ಎಂದ. ಹೆಂಡತಿ ಮಾತು ಬಿಟ್ಟಳು. ಕೇಸು ಕೋರ್ಟಿಗೆ ಬರುವುದಿತ್ತು, ಜೈಲು ಖಂಡಿತ ಎಂದು ವಕೀಲರೇ ಹೇಳಿದ್ದರು.

ಕಂಪನಿಯ ನಿಯಮದಂತೆ ಅಪಘಾತವನ್ನು ನಮ್ಮ ಬಯಲಿನಲ್ಲಿ ಮತ್ತೆ ಮಾಡಿ ತೋರಿಸಬೇಕು. ಬಿಳಿ ಬಣ್ಣದಲ್ಲಿ ಆ ಎರಡು ತಿರುವುಗಳನ್ನು ಡಾಂಬರಿನ ಮೇಲೆ ಬರೆದೆವು. ಅದೇ ಮಾದರಿಯ ಗಾಡಿ, ಅಷ್ಟೇ ಮೂಟೆ, ಮೇಲೆ ಅಷ್ಟೇ ಭಾರ. ಗಾಜಿನ ಕೋಣೆಯಲ್ಲಿ ನಾನು ಸ್ಟೇರಿಂಗ್ ಹಿಡಿದೆ. ದಾಖಲಾದ ವೇಗಕ್ಕೆ ಹೋಗಲು ನನ್ನಿಂದ ಆಗಲೇ ಇಲ್ಲ. ಎದುರಿನ ಪರದೆಯಲ್ಲಿ ಬುಗುರಿ ಬಾಗುತ್ತಿರುವುದು ಕಾಣುತ್ತದೆ, ಅಂಕಿ ಕೆಂಪಗಾಗುತ್ತದೆ, ನನ್ನ ಕಾಲು ತಾನಾಗಿಯೇ ಬ್ರೇಕಿಗೆ ಹೋಗುತ್ತದೆ.

“ನೋಡಿದ್ರಾ ಮೇಡಂ,” ಎಂದೆ. “ಬುದ್ಧಿ ಇರೋ ಯಾರೂ ಅಷ್ಟು ಸ್ಪೀಡು ಹೋಗೋಕಾಗಲ್ಲ.”

ಮೇಡಂ ಪರದೆಯನ್ನೇ ನೋಡುತ್ತಿದ್ದರು. ಆಮೇಲೆ ಕೈ ಚಾಚಿ ಅದನ್ನು ಆರಿಸಿದರು. “ಅವನ ಮುಂದೆ ಇದು ಇರ್ಲಿಲ್ಲ ಅಲ್ವಾ? ನೀವು ಗಾಡಿ ಒಳಗೇ ಕೂತು ಓಡ್ಸಿ. ಹೊರಗೆ ಆಸರೆ ಚಕ್ರ ಹಾಕಿಸ್ತೀನಿ.”

ಆಸರೆ ಚಕ್ರ ಎಂದರೆ ಮಕ್ಕಳ ಸೈಕಲ್ಲಿಗೆ ಇರುವಂಥವೇ, ಕಬ್ಬಿಣದ ತೋಳಿನವು, ಗಾಡಿ ವಾಲಿದರೆ ನೆಲಕ್ಕೆ ಊರಿ ತಡೆಯುತ್ತವೆ. ಮೂಟೆಗಳ ಜೊತೆ ಬೆಲ್ಟು ಬಿಗಿದು ಕೂತೆ. ಮೊದಲ ಸುತ್ತು ನಿಧಾನವಾಗಿ ಹೋದೆ, ಏನೂ ಆಗಲಿಲ್ಲ. ಇನ್ನೊಂದು ಸುತ್ತು, ಸ್ವಲ್ಪ ಜೋರು. ಗಾಡಿ ಮನೆಯ ಜಗಲಿಯ ಹಾಗೆ ಅಲ್ಲಾಡದೆ ಇತ್ತು. ಹೀಗೆ ಸುತ್ತುತ್ತ ಸುತ್ತುತ್ತ, ವೇಗದ ಮುಳ್ಳನ್ನು ನೋಡಬೇಕು ಎಂಬುದೂ ನನಗೆ ಮರೆಯಿತು. ಕೊನೆಯ ಸುತ್ತಿನಲ್ಲಿ ಮಧ್ಯಾಹ್ನದ ಊಟದ ಬಗ್ಗೆ ಯೋಚಿಸುತ್ತಿದ್ದೆ, ಸುಳ್ಳೇಕೆ ಹೇಳಲಿ. ಆಗಲೇ ನೆಲ ಕೈಬಿಟ್ಟಂತಾಯಿತು. ಆಕಾಶ ಕಿಟಕಿಗೆ ಬಂತು. ಆಸರೆ ಚಕ್ರ ನೆಲಕ್ಕೆ ಬಡಿದ ಸದ್ದಿಗೆ ಕಿವಿ ಮುಚ್ಚಿಹೋಯಿತು.

ಬಾಗಿಲು ತೆಗೆದು ಇಳಿದೆ. ಮೇಡಂ ಓಡಿ ಬಂದರು.

“ಏನಾಯ್ತು? ನಿಮಗೆ ಮೊದಲೇ ಏನೂ ಅನ್ನಿಸ್ಲಿಲ್ವಾ?”

“ಗೊತ್ತೇ ಆಗ್ಲಿಲ್ಲ ಮೇಡಂ,” ಎಂದೆ.

ಹೇಳಿದ ಮೇಲೆ ನನಗೆ ನನ್ನ ಮಾತು ಕೇಳಿಸಿತು. ಮೇಡಂಗೂ ಕೇಳಿಸಿತು. ಅವರು ಅಲ್ಲೇ ಡಾಂಬರಿನ ಮೇಲೆ ಕೂತುಬಿಟ್ಟರು. ಬಿಸಿಲಿಗೆ ಕಾದ ನೆಲ, ಸುಡುತ್ತಿತ್ತು. ನಾನು ಏಳಿ ಎಂದರೂ ಏಳಲಿಲ್ಲ.

“ಆ ಅಳತೆ ತಗೊಂಡಾಗ ಮುಂದಿನ ಸೀಟಲ್ಲಿ ಯಾರಿದ್ರು ಚೆಲುವರಾಜು?”

“ಅಮ್ಮ ಇದ್ರು.”

“ತಿರುವಿಗೊಂದ್ಸಲ ನಿಧಾನ ನಿಧಾನ ಅಂತಿದ್ರು. ಅವನು ಗೇರು ಇಳಿಸ್ತಿದ್ದ. ನಾನು ಆ ಸ್ಪೀಡನ್ನೇ ತಗೊಂಡು ಲೆಕ್ಕ ಮಾಡ್ದೆ. ಎಲ್ಲರೂ ಹಂಗೇ ಓಡಿಸ್ತಾರೆ ಅಂದ್ಕೊಂಡೆ. ಅದು ಗಾಡಿ ಸ್ಪೀಡಲ್ಲ ಕಣ್ರೀ. ನಮ್ಮವ್ವನ ಹೊಟ್ಟೆ ಸ್ಪೀಡು. ಆ ಹೊಟ್ಟೆ ತೊಳಸೋದನ್ನೇ ನಾನು ತೆಗೆದುಹಾಕಿದೆ.”

ಓಲಾಟ ಇದ್ದಾಗ ಡ್ರೈವರನ ಸೊಂಟಕ್ಕೆ ಅಪಾಯ ಗೊತ್ತಾಗುತ್ತಿತ್ತು. ಅವನಿಗೆ ಗೊತ್ತಾಗದಿದ್ದರೆ ಪಕ್ಕದಲ್ಲಿ ಓಕರಿಸುವವರು ಹೇಳುತ್ತಿದ್ದರು. ಹಿಂದಿನವರು ಕೂಗುತ್ತಿದ್ದರು. ಇಡೀ ಗಾಡಿಯೇ ಬ್ರೇಕು ಹಿಡಿದು ಕೂತಿರುತ್ತಿತ್ತು. ಬುಗುರಿ ಬಂದ ಮೇಲೆ ಎಲ್ಲರೂ ಹಾಯಾಗಿ ನಿದ್ದೆ ಮಾಡಿದರು, ಅಪಾಯ ಯಾರನ್ನೂ ಎಬ್ಬಿಸದೆ ಬಂದು ಕೂತಿತು.

ಅವತ್ತೇ ಮೇಡಂ ಹನೂರಿಗೆ ಹೊರಟರು, ನಾನೇ ಕರೆದುಕೊಂಡು ಹೋದೆ. ಶಿವಮಲ್ಲು ಹಟ್ಟಿಯ ಮುಂದೆ ಕಲ್ಲಿನ ಮೇಲೆ ಕೂತಿದ್ದ. ಮೇಡಂ ಅವನ ಎದುರು ನಿಂತು, “ನೀ ಹೇಳ್ದುದ್ದು ನಿಜ ಕಣೋ. ನಾನೇ ನಂಬ್ನಿಲ್ಲ. ತಪ್ಪಾಯ್ತು ಮಲ್ಲ” ಎಂದರು.

ಅವನು ಕಲ್ಲಿನ ಮೇಲೆ ಸರಿದು ಅಕ್ಕನಿಗೆ ಜಾಗ ಬಿಟ್ಟ. “ಜೋರಾಗಿ ಓಡಿಸಿದ್ದು ನಾನೇ ಅಲ್ವಕ್ಕ,” ಎಂದ. “ನೀ ನಂಬುದ್ರೂ ಅವಳು ಬರಾಕಿಲ್ಲ ಬುಡು.”

ಬಾಗಿಲಲ್ಲಿ ಪುಟ್ಟತಾಯಮ್ಮ ನಿಂತಿದ್ದರು. ನನ್ನ ಕಡೆ ತಿರುಗಿ, ನನಗೊಬ್ಬನಿಗೇ ಎಂಬಂತೆ ಮೆಲ್ಲಗೆ ಹೇಳಿದರು. “ಆ ಸೀಟು ನಂದು ಕನಪ್ಪ. ನಾ ಬಂದಾಗಿಂದ ಯಾರೂ ನನ್ನ ಎಬ್ಬಿಸ್ನಿಲ್ಲ. ಅವತ್ತೊಂದಿನ ಎದ್ಕೊಟ್ಟೆ.” ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋದರು. ಒಂದೇ ಸೀಟಿಗೆ ಆ ಮನೆಯಲ್ಲಿ ಮೂವರು ಕೊರಗುತ್ತಿದ್ದರು, ಮೂವರೂ ಒಬ್ಬೊಬ್ಬರೇ ಕೊರಗುತ್ತಿದ್ದರು.

ಕೋರ್ಟಿನಲ್ಲಿ ವಿಚಾರಣೆಯ ದಿನ ಸಾಹೇಬರು ಮೇಡಂ ಅವರನ್ನು ಪಕ್ಕಕ್ಕೆ ಕರೆದು ಬುದ್ಧಿ ಹೇಳಿದರು. ವೇಗ ಹೆಚ್ಚಿತ್ತು ಎಂಬುದು ಸತ್ಯ ತಾನೇ, ಅಷ್ಟು ಹೇಳಿದರೆ ಸಾಕಲ್ಲ ಎಂದರು. ಮೇಡಂ ಅಷ್ಟನ್ನೂ ಹೇಳಿದರು, ಉಳಿದದ್ದನ್ನೂ ಹೇಳಿದರು. ಓಲಾಟವನ್ನು ತೆಗೆದದ್ದು ನಾನು, ಅಪಾಯ ತಿಳಿಯುವ ದಾರಿಯನ್ನೇ ಮುಚ್ಚಿದ್ದು ನಾನು, ಡ್ರೈವರಿಗೆ ತಿಳಿಯಲು ಸಾಧ್ಯವೇ ಇರಲಿಲ್ಲ ಎಂದು ಒಂದೊಂದಾಗಿ ಬಿಡಿಸಿ ಹೇಳಿದರು. ನನ್ನ ಪರೀಕ್ಷೆಯನ್ನು ತೋರಿಸಿದರು. ಶಿವಮಲ್ಲುವಿಗೆ ಜೈಲು ತಪ್ಪಿತು. ಮೇಡಂ ಕೆಲಸ ಹೋಯಿತು.

ಹೋಗುವ ಮೊದಲು ಒಂದು ಕೆಲಸ ಉಳಿದಿತ್ತು. ನಮ್ಮ ಗಾಡಿಗಳಿಗೆಲ್ಲ ಗಾಜಿನ ಕೋಣೆಯಿಂದಲೇ ಹೊಸ ಆದೇಶ ಕಳಿಸಬಹುದು, ಫೋನಿಗೆ ಕಳಿಸಿದ ಹಾಗೆ. ಬುಗುರಿ ಮತ್ತೆ ಮಲಗಲಿ, ಚಕ್ರ ಎತ್ತುವಾಗ ಮಾತ್ರ ಏಳಲಿ, ಉಳಿದಂತೆ ಗಾಡಿ ಓಲಾಡಲಿ ಎಂದು ಕೋರ್ಟು ಅಪ್ಪಣೆ ಮಾಡಿತ್ತು. ಮೇಡಂ ಸಿದ್ಧಮಾಡಿಕೊಟ್ಟರು, ನಾನು ಕಳಿಸಿದೆ. ಮರುದಿನದಿಂದ ಫೋನುಗಳು ಶುರುವಾದವು. ಗಾಡಿ ಕೆಟ್ಟಿದೆ, ಮಕ್ಕಳು ವಾಂತಿ ಮಾಡುತ್ತಿವೆ, ನಿಮ್ಮ ಮನೆ ಹಾಳಾಗ. ಓಲಾಡಿದರೆ ಮೆಲ್ಲಗೆ ಹೋಗಿ ಸ್ವಾಮಿ ಎಂದರೆ ಇನ್ನೂ ಬೈಯುತ್ತಿದ್ದರು. ಅಷ್ಟರಲ್ಲಿ ಬೇರೆ ಯಾವುದೋ ರಾಜ್ಯದ ಕಂಪನಿಯೊಂದು ನಮ್ಮದನ್ನೇ ನಕಲು ಮಾಡಿ, ಒಂಚೂರೂ ಓಲಾಡದ ಗಾಡಿ ಎಂದು ಮಾರಲು ಶುರುಮಾಡಿತು. ಜನ ಅಲ್ಲಿಗೆ ಹೋದರು. ತಡೆಯಲು ಕಾನೂನು ಬರುತ್ತದೆ ಎನ್ನುತ್ತಾರೆ, ಬಂದಿಲ್ಲ.

ಶಿವಮಲ್ಲು ಸ್ಟೇರಿಂಗ್ ಮುಟ್ಟುವುದನ್ನು ಬಿಟ್ಟಿದ್ದ. ಗಾಡಿಯನ್ನು ಸರಿಮಾಡಿಸಿ ಹಟ್ಟಿಯ ಪಕ್ಕ ಟಾರ್ಪಾಲು ಹೊದಿಸಿ ನಿಲ್ಲಿಸಿದ್ದ. ಬಿಂದುವಿನ ವರ್ಷದ ಕಾರ್ಯ ಮುಗಿದ ಮೇಲೆ ಪುಟ್ಟತಾಯಮ್ಮ ಹಟ ಹಿಡಿದರು.

“ಬೆಟ್ಟಕ್ಕ ಓಗ್ಬೇಕು. ಮಲ್ಲನೇ ಓಡುಸ್ಬೇಕು. ಬ್ಯಾರೆ ಯಾರ ಗಾಡೀಗೂ ನಾ ಅತ್ತಾಕಿಲ್ಲ.”

ಮೇಡಂ ನನಗೆ ಫೋನು ಮಾಡಿದರು. ಅವನಿಂದ ಓಡಿಸಲಾಗದಿದ್ದರೆ ಒಬ್ಬರು ಇರಲಿ ಎಂದು ನಾನು ಹೋದೆ.

ತಾಳಬೆಟ್ಟದಲ್ಲಿ ಶಿವಮಲ್ಲು ಇಳಿದು ಚಕ್ರಗಳಡಿಗೆ ನಿಂಬೆಹಣ್ಣು ಇಟ್ಟ. ಉಳಿದ ಒಂದನ್ನು ಮುಂದಿನ ಕಿಟಕಿಯಲ್ಲಿ ತಾಯಿಯ ಕೈಗೆ ಕೊಟ್ಟ. ಗಾಡಿ ಹೊರಟಿತು. ಮೊದಲ ತಿರುವಿನಲ್ಲೇ ಓಲಾಡಿತು. ನನ್ನ ಭುಜ ಕಿಟಕಿಗೆ ತಾಗಿತು, ಮೇಡಂ ಸೀಟಿನ ಕಂಬಿ ಹಿಡಿದುಕೊಂಡರು. ಮುಂದೆ ಪುಟ್ಟತಾಯಮ್ಮನ ತಲೆ ಬಗ್ಗಿತು. ಹಳೆಯ ಕಾಲ ವಾಪಸ್ ಬಂದಂತಿತ್ತು, ನೀರಿನ ಬಾಟಲಿ ಹಿಡಿದು ಕಾಡುವವಳು ಮಾತ್ರ ಇರಲಿಲ್ಲ.

“ನಿಧಾನ್ಕ ಮಗ,” ಎಂದು ಅಜ್ಜಿ ಕೈ ಎತ್ತಿದರು. ಅವನು ಗೇರು ಇಳಿಸಿದ.

ಆ ಎರಡು ತಿರುವುಗಳ ನಡುವೆ ಬಂದಾಗ ಅಜ್ಜಿಗೆ ವಾಂತಿ ತಡೆಯಲಾಗಲಿಲ್ಲ. ಶಿವಮಲ್ಲು ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿದ. ಮೇಡಂ ಇಳಿದು ತಾಯಿಯ ಹಣೆ ಹಿಡಿದುಕೊಂಡರು. ಎಲ್ಲ ಹೋದ ಮೇಲೆ ಅಜ್ಜಿ ಮುಖ ತೊಳೆದು, ರಸ್ತೆ ಪಕ್ಕದ ಮಣ್ಣನ್ನು ನೋಡುತ್ತ ನಿಂತರು. ಅಲ್ಲಿ ಈಗ ಹುಲ್ಲು ಬೆಳೆದಿದೆ.

“ಇದೇ ಅಲ್ವ?” ಎಂದರು.

“ಊಂ,” ಎಂದ ಶಿವಮಲ್ಲು, ಸ್ಟೇರಿಂಗ್ ಬಿಡದೆ.

“ಅವತ್ತೂ ನಂಗ ಹೊಟ್ಟ ತೊಳಸಿದ್ರ ನೀ ಇಲ್ಲಿ ನಿಲ್ಲುಸ್ತಿದ್ದ.”

ಮೇಡಂ ತಾಯಿಯ ಒದ್ದೆ ಮುಖವನ್ನು ತಮ್ಮ ಅಂಗೈಯಿಂದ ಒರೆಸಿದರು.

ಆಗ ಮೇಲಿನಿಂದ ಒಂದು ಗಾಡಿ ಇಳಿದು ಬಂತು. ಹೊಸದು, ಎತ್ತರದ್ದು, ಆ ಬೇರೆ ಕಂಪನಿಯದು. ಮೇಲೆ ಕ್ಯಾರಿಯರಿನಲ್ಲಿ ಮೂಟೆಗಳು. ಮೊದಲ ತಿರುವನ್ನು ಅದು ಭಾರೀ ವೇಗದಲ್ಲಿ ತಿರುಗಿತು, ಆದರೆ ಅದರ ಮೈ ಕೂದಲೆಳೆಯಷ್ಟೂ ವಾಲಲಿಲ್ಲ. ಒಳಗೆ ಹಿಂದಿನ ಸೀಟಿನವರೆಲ್ಲ ನಿದ್ದೆಯಲ್ಲಿದ್ದರು. ಮುಂದೆ ಡ್ರೈವರ್ ಪಕ್ಕದಲ್ಲಿ ಒಬ್ಬಳು ಹುಡುಗಿ, ಬೆಟ್ಟದ ಕಡೆಗೆ ಫೋನು ಹಿಡಿದು ನಗುತ್ತಿದ್ದಳು.

“ಅಯ್ಯೋ, ಆ ಕೂಸ ಮುಂದ ಕೂರಿಸವ್ರಲ್ಲೋ!” ಪುಟ್ಟತಾಯಮ್ಮ ರಸ್ತೆಗೇ ಇಳಿದರು. “ನಿಧಾನ್ಕ, ನಿಧಾನ್ಕ ಓಗಪ್ಪ! ಮಲ್ಲ, ಕೂಗ್ಲಾ!”

ಶಿವಮಲ್ಲು ಹಾರ್ನ್ ಒತ್ತಿದ. ನಾನೂ ಮೇಡಂ ಅವರೂ ಕೈಬೀಸಿ ಕೂಗಿದೆವು. ಗಾಡಿಯ ಗಾಜು ಏರಿಸಿತ್ತು. ಹುಡುಗಿ ನಮ್ಮನ್ನು ನೋಡಿದಳು, ಬೆಟ್ಟಕ್ಕೆ ಬಂದ ಭಕ್ತರು ಖುಷಿಗೆ ಕೈಬೀಸುತ್ತಿದ್ದಾರೆ ಎಂದುಕೊಂಡಿರಬೇಕು, ಅವಳೂ ಕೈಬೀಸಿದಳು. ಗಾಡಿ ಎರಡನೇ ತಿರುವಿನ ಹಿಂದೆ ಮರೆಯಾಯಿತು.

ನಾವು ಕಿವಿಗೊಟ್ಟು ನಿಂತೆವು, ಆದರೆ ಕೆಳಗಿನಿಂದ ಏನಾದರೂ ಸದ್ದು ಬಂತೋ ಇಲ್ಲವೋ ಹಾರ್ನಿನ ಅಬ್ಬರದಲ್ಲಿ ತಿಳಿಯುವಂತಿರಲಿಲ್ಲ. ಶಿವಮಲ್ಲು ಹಾರ್ನಿನ ಮೇಲಿನ ಕೈಯನ್ನು ತೆಗೆಯಲೇ ಇಲ್ಲ.